ಹದಿನಾರು ಶೀಟಿನ ಗೋಡೆ

"ಎಳೀಬೇಡ ಅಕ್ಕ!"

"ಎಳೀತಿಲ್ಲ ಕಣೇ, ಹಿಡ್ಕೊಂಡಿದೀನಿ."

"ಹಿಡ್ಕೊಳ್ಳೋದು ಅಂದ್ರೆ ಹೀಗಾ? ಬಟ್ಟೆ ತಮಟೆ ಥರ ಬಿಗಿದುಕೊಂಡಿದೆ ನೋಡು. ಬಡಿದ್ರೆ ಸದ್ದು ಬರುತ್ತೆ."

"ಮಡಿಕೆ ಬಿಡ್ಬೇಕಲ್ವಾ? ಹನ್ನೊಂದು ವರ್ಷ ಮಡಿಸಿಟ್ಟದ್ದು."

ಅಕ್ಕನ ಮನೆಯ ನಡುಕೋಣೆ. ಮೇಜು, ಕುರ್ಚಿ, ಹೊಲಿಗೆ ಯಂತ್ರ ಎಲ್ಲವನ್ನೂ ಗೋಡೆಗೆ ಒತ್ತರಿಸಿ, ನೆಲದ ಮೇಲೆ ಬಿಳಿ ಬೆಡ್‌ಶೀಟೊಂದನ್ನು ಹಾಸಿಕೊಂಡು ನಾವಿಬ್ಬರೂ ಮಂಡಿಯೂರಿದ್ದೆವು. ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ನಡುವೆ ನನ್ನ ಉಕ್ಕಿನ ಟೇಪು. ನಾಲ್ಕು ಮಂಡಿಗಳ ಪೈಕಿ ಹೇಳಿದ ಮಾತು ಕೇಳುವುದು ಒಂದೇ, ಅದೂ ನನ್ನದು. ಎದ್ದೇಳುವುದು ಹೇಗೆ ಎಂಬ ಯೋಚನೆಯನ್ನು ಇಬ್ಬರೂ ಮುಂದಕ್ಕೆ ಹಾಕಿದ್ದೆವು.

"ಎಷ್ಟು ಬಂತು?"

"ಇನ್ನೂರ ಎಪ್ಪತ್ತು ಸೆಂಟಿಮೀಟರು."

"ಬರ್ಕೋ. ಹಿಂದಿನ ಗೋಡೆಗೆ ಹದಿನಾರು."

"ಹದಿನಾರು ಏನು?"

"ಶೀಟು. ಈ ಮೂಲೆ ಕೊಕ್ಕೆಯಿಂದ ಆ ಮೂಲೆ ಕೊಕ್ಕೆಗೆ ಹಗ್ಗ. ಉದ್ದುದ್ದಕ್ಕೆ ಹದಿನಾರು ಶೀಟು, ಒಂದರ ಅಂಚು ಒಂದಕ್ಕೆ ಮುಟ್ಟೋ ಹಾಗೆ. ಹದಿನೇಳನೇದು ಹಾಕೋಕೆ ಹೋಗಿ ಒಬ್ಬಳು ಕೊಕ್ಕೆ ಕಿತ್ತು ಮೈಮೇಲೆ ಹಾಕ್ಕೊಂಡಿದ್ಲು."

ಬರೆದುಕೊಂಡೆ. ಹದಿನಾರು ಗುಣಿಸು ಇನ್ನೂರ ಎಪ್ಪತ್ತು. ಅದನ್ನು ಎಂಬತ್ತೇಳರಿಂದ ಭಾಗಿಸಿದೆ. ಹೋಟೆಲಿನ ಹಿಂದಿನ ಗೋಡೆ: ನಲವತ್ತೊಂಬತ್ತು ಪಾಯಿಂಟ್ ಏಳು ಸೆಂಟಿಮೀಟರು.

ಈ ಹೋಟೆಲು ರೈಲು ನಿಲ್ದಾಣದ ಎದುರಿಗೆ ಎಂಬತ್ತು ವರ್ಷ ನಿಂತಿತ್ತು. ಹನ್ನೊಂದು ವರ್ಷದ ಹಿಂದೆ ಅದನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಿದರು. ಈಗ ಅದು ಮತ್ತೆ ಏಳಬೇಕಾಗಿದ್ದುದು ಔಷಧಿ ಅಂಗಡಿಯ ಮಹಡಿಯ ಮೇಲೆ, ಒಂದು ದೊಡ್ಡ ಮೇಜಿನ ಮೂಲೆಯಲ್ಲಿ. ಅಲ್ಲಿ ಪುಟ್ಟ ರೈಲಿನ ಹುಚ್ಚು ಹಿಡಿದ ಏಳೆಂಟು ಜನರ ಸಂಘವೊಂದಿದೆ. ಎಂಟು ಮೀಟರು ಉದ್ದದ ಮೇಜಿನ ಮೇಲೆ ಹಳಿ, ನಿಲ್ದಾಣ, ಸಿಗ್ನಲ್ಲು, ನೀರಿನ ತೊಟ್ಟಿ, ಕಬ್ಬಿಣದ ಸೇತುವೆ ಎಲ್ಲವೂ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿದು ಕೂತಿವೆ. ಆ ಲೆಕ್ಕದಲ್ಲಿ ನೀವು ಎರಡು ಸೆಂಟಿಮೀಟರು ಎತ್ತರ ಇರುತ್ತೀರಿ. ಗರ್ವ ಇಳಿಸಿಕೊಳ್ಳಲು ಒಳ್ಳೆಯ ಜಾಗ. ಎಲ್ಲ ಇತ್ತು, ಹೋಟೆಲು ಮಾತ್ರ ಇರಲಿಲ್ಲ. ಆ ಜಾಗ ಹಲ್ಲು ಬಿದ್ದ ಒಸಡಿನ ಹಾಗೆ ಖಾಲಿ ಕಾಣುತ್ತಿತ್ತು. ಹೀಗೆ ಹೋಲಿಸಿದವರು ಸಂಘದ ಅಧ್ಯಕ್ಷರಾದ ಔಷಧಿ ಅಂಗಡಿಯವರು, ಹೋಲಿಸಿ ನಕ್ಕಾಗ ಕಂಡ ಎರಡು ಸಾಲು ಹಲ್ಲನ್ನೂ ಮಾಡಿದವಳು ನಾನು. ನನ್ನನ್ನು ಕರೆದದ್ದೂ ಅದಕ್ಕೇ.

ಮೂವತ್ತು ವರ್ಷ ನಾನು ಕಟ್ಟುಹಲ್ಲು ಮಾಡಿದ್ದೇನೆ. ಮೇಣ, ಗಾರೆಪುಡಿ, ಅಚ್ಚು, ಕೂದಲೆಳೆಯಂಥ ಕುಂಚ. ಅರ್ಧ ಮಿಲಿಮೀಟರು ತಪ್ಪಿದರೆ ಜನ ಊಟ ಮಾಡಲಾರರು, ಒಂದು ಮಿಲಿಮೀಟರು ತಪ್ಪಿದರೆ ಹೆಸರು ಹೇಳಲಾರರು. ನಿವೃತ್ತಿಯ ನಂತರ ಕೈಗೆ ಕೆಲಸವಿರಲಿಲ್ಲ, ಒಪ್ಪಿಕೊಂಡೆ. ಹೋಟೆಲಿನ ಮೊದಲ ಗೋಡೆಯನ್ನು ಮನೆಯಲ್ಲಿ ಉಳಿದಿದ್ದ ಗುಲಾಬಿ ಮೇಣದಲ್ಲಿ ಎತ್ತಿದ್ದೆ. ಅದನ್ನು ನೋಡಿದ ಅಕ್ಕ, "ಇದೇನೇ, ಹೋಟೆಲು ಆಕಳಿಸ್ತಾ ಇದೆ?" ಅಂದಿದ್ದಳು.

ಹೋಟೆಲಿನ ಮುಂಭಾಗದ್ದು ಕಷ್ಟವಾಗಲಿಲ್ಲ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಊರಲ್ಲಿಲ್ಲ. ಮದುವೆಯಾದವರು, ಪರೀಕ್ಷೆ ಪಾಸಾದವರು, ಸುಮ್ಮನೆ ಹೊಸ ಬೂಟು ಕೊಂಡವರು. ನೂರ ನಲವತ್ತು ಫೋಟೋ ಸಿಕ್ಕವು. ಇಟ್ಟಿಗೆ ಎಣಿಸಿ ಅಳತೆ ತೆಗೆದೆ. ಮಹಡಿಯ ಕಟಕಟೆಗೆ ಮೂವತ್ತೆರಡು ಕಂಬ ಬಂದಾಗ ನನಗೆ ಬಹಳ ಸಮಾಧಾನವಾಯಿತು. ನಾನು ನಂಬುವ ಸಂಖ್ಯೆ ಅದು.

ತೊಂದರೆ ಹಿಂಭಾಗದ್ದು. ಹೋಟೆಲಿನ ಹಿಂದೆ ನಿಂತು ಫೋಟೋ ತೆಗೆಸಿಕೊಂಡವರು ಒಬ್ಬರೂ ಇಲ್ಲ. ಅಲ್ಲಿ ಇದ್ದದ್ದು ಅಡುಗೆಮನೆಯ ಕೊಳವೆ, ಬಟ್ಟೆ ಒಣಗಿಸುವ ಅಂಗಳ, ಆಚೆಗೆ ಹಳಿ. ಆದರೆ ನಮ್ಮ ಮೇಜಿನ ಮೇಲೆ ರೈಲು ಹೋಗುವುದೂ ಆ ಕಡೆ, ನೋಡುವವರು ನಿಲ್ಲುವುದೂ ಆ ಕಡೆ. ನಾನು ಮೂರು ವಾರ ಕೂತು ಕೊರೆದ ಮುಂಬಾಗಿಲು ಸಂಘದ ಕೋಣೆಯ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಎಲ್ಲರಿಗೂ ಕಾಣುವುದು ಯಾರೂ ನೋಡದಿದ್ದ ಹಿಂಭಾಗ.

ಯಾರೂ ಅಂದರೆ, ಅಕ್ಕನೊಬ್ಬಳನ್ನು ಬಿಟ್ಟು. ಮೂವತ್ತು ವರ್ಷ ಆ ಹೋಟೆಲಿನ ಶೀಟು, ದಿಂಬಿನ ಚೀಲ, ಮೇಜಿನ ಬಟ್ಟೆ ಒಗೆದವಳು ಅವಳು. ಅವಳಿಗೆ ಮೀಟರು ಗೊತ್ತಿಲ್ಲ ಎಂದಲ್ಲ, ನಂಬಿಕೆಯಿಲ್ಲ. ಅಂಗಳ ಒಂಬತ್ತು ಮೇಜಿನ ಬಟ್ಟೆ ಅಗಲ. ಅಡುಗೆಮನೆ ಬಾಗಿಲು ಒಂದು ಟವೆಲ್ಲು. ಹೋಟೆಲು ಮುಚ್ಚಿದ ದಿನ ಕೆಲಸದವರಿಗೆಲ್ಲ ಒಂದೊಂದು ವಸ್ತು ಕೊಟ್ಟರಂತೆ. ಇವಳ ಪಾಲಿಗೆ ಬಂದದ್ದು ಕಪಾಟಿನಲ್ಲಿ ಉಳಿದಿದ್ದ ಈ ಒಂದು ಹೊಸ ಶೀಟು. ಅಳತೆಗೆ ಬೇಕೆಂದಾಗ ಎರಡೂ ಕೈಯಲ್ಲಿ ಹಿಡಿದು ತಂದಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಕ್ಕ ಸುಳ್ಳು ಹೇಳುವುದಿಲ್ಲ. ನಿಜಕ್ಕೆ ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡುತ್ತಾಳೆ, ಅಷ್ಟೇ.

ನಾಲ್ಕು ದಿನದ ಮೇಲೆ ಅವಳನ್ನು ನನ್ನ ಕೆಲಸದ ಕೋಣೆಗೆ ಕರೆಸಿದೆ. ಮೇಜಿನ ಮೇಲೆ ಎರಡು ಗೋಡೆಗಳು ಮಲಗಿದ್ದವು.

"ನೋಡಕ್ಕ. ಫೋಟೋ ನೋಡಿ ಮಾಡಿದ ಮುಂದಿನ ಗೋಡೆ ನಲವತ್ತಾರು ಸೆಂಟಿಮೀಟರು. ನಿನ್ನ ಮಾತು ಕೇಳಿ ಮಾಡಿದ ಹಿಂದಿನ ಗೋಡೆ ಹೆಚ್ಚುಕಡಿಮೆ ಐವತ್ತು."

"ಹಿಂದೆ ಕೆಲಸ ಜಾಸ್ತಿ ಇತ್ತಲ್ಲ."

"ತಮಾಷೆ ಬೇಡ. ಇದನ್ನ ಯಾರಾದ್ರೂ ಬಾಯಿಗೆ ಹಾಕ್ಕೊಂಡ್ರೆ ದವಡೆ ಮುಚ್ಚಲ್ಲ. ಉತ್ತರದ ಮೂಲೇಲಿ ಮೂರೂವರೆ ಸೆಂಟಿಮೀಟರು ಮಿಕ್ಕಿದೆ. ನಿಜದ ಲೆಕ್ಕಕ್ಕೆ ಮೂರು ಮೀಟರು. ಕೊಳವೆ, ಬಾಗಿಲು, ಅಡುಗೆಮನೆ ಕಿಟಕಿ, ನೀನು ಹೇಳಿದ್ದೆಲ್ಲ ಕೂರಿಸಿದ ಮೇಲೂ ಖಾಲಿ. ಅಲ್ಲೇನಿತ್ತು?"

ಅಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಖಾಲಿ ಜಾಗವನ್ನು ಬೆರಳಲ್ಲಿ ಮೆಲ್ಲನೆ ಮುಟ್ಟಿದಳು.

"ಅಲ್ಲಾ... ಅಲ್ಲಿ ನನ್ನ ಕಿಟಕಿ ಇತ್ತು."

"ಯಾವ ಕಿಟಕಿ?"

"ಬಟ್ಟೆ ಕೋಣೆದು."

"ಬಟ್ಟೆ ಕೋಣೆಗೆ ಕಿಟಕೀನಾ? ಹಗಲೆಲ್ಲ ದೀಪ ಹಾಕ್ಕೊಂಡು ಕೂರ್ತೀನಿ ಅಂತ ಮೂವತ್ತು ವರ್ಷ ನನ್ನ ತಲೆ ತಿಂದಿದೀಯ."

"ದೀಪ ಇದ್ರೆ ಕಿಟಕಿ ಇರಬಾರದು ಅಂತ ಎಲ್ಲಿ ಬರ್ದಿದೆ?"

ಕಿಟಕಿ ಇರಲಿಲ್ಲ. ನನಗೆ ಗೊತ್ತು, ಅವಳಿಗೂ ಗೊತ್ತು. ಬಿಳಿ ಬಟ್ಟೆ ಇಡುವ ಕೋಣೆಗೆ ಕಿಟಕಿ ಇಟ್ಟರೆ ಎಂಜಿನ್ ಮಸಿ ಒಳಗೆ ಬರುತ್ತದೆ ಎಂದು ಕಟ್ಟಿದವರೇ ಇಟ್ಟಿರಲಿಲ್ಲ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹಿಂದಿನ ಹಳಿಯ ಮೇಲೆ ಮೇಲ್ ಗಾಡಿ ಹೋಗುತ್ತಿತ್ತು. ಹತ್ತೂ ಹತ್ತಕ್ಕೆ ಹಗ್ಗದ ಮೇಲಿನ ಹದಿನಾರು ಶೀಟೂ ಇಳಿದು, ಬಟ್ಟೆ ಕೋಣೆ ಸೇರಿ, ಬಾಗಿಲು ಮುಚ್ಚಿರಬೇಕು. ರೈಲು ಹೋಗಿ, ಹೊಗೆ ಕರಗಿದ ಮೇಲೆ ಮತ್ತೆ ಎಲ್ಲವನ್ನೂ ಹೊರಗೆ ಹಾಕಬೇಕು. ಹೀಗೆ ಮೂವತ್ತು ವರ್ಷ. ಗಾಡಿ ಅವಳ ಬೆನ್ನ ಹಿಂದೆ, ಒಂದು ಗೋಡೆಯಾಚೆ ಹೋಗುತ್ತಿತ್ತು. ನೆಲ ನಡುಗುತ್ತಿತ್ತು, ಸೀಟಿ ಕೇಳುತ್ತಿತ್ತು, ಕಪಾಟಿನ ಹಿಡಿಗಳು ಟಕಟಕ ಅನ್ನುತ್ತಿದ್ದವು. ಆ ಗಾಡಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಕೇಳಿದ್ದು ಇಷ್ಟು: "ಎಷ್ಟು ದೊಡ್ಡದು?"

"ಎತ್ತರಕ್ಕೆ ಎರಡು ದಿಂಬಿನ ಚೀಲ, ಅಗಲಕ್ಕೆ ಎರಡು. ಹಸಿರು ಬಾಗಿಲು. ಎಡಗಡೆದರ ಚಿಲಕ ಸಡಿಲ, ಗಾಳಿ ಬಂದ್ರೆ ಬಡ್ಕೊಳ್ಳೋದು."

ಸುಳ್ಳು ಹೇಳುವವರು ಚಿಲಕ ಸಡಿಲ ಮಾಡುವ ತನಕ ಹೋಗುವುದಿಲ್ಲ ಎಂದುಕೊಂಡೆ. ಚೆನ್ನಾಗಿ ಹೇಳುವವರು ಹೋಗುತ್ತಾರೆ ಎಂಬುದು ಹೊಳೆಯುವಷ್ಟರಲ್ಲಿ ಕೊರೆಯುವ ಯಂತ್ರ ನನ್ನ ಕೈಯಲ್ಲಿತ್ತು. ಒಂದು ಪಾಯಿಂಟ್ ಏಳು ಸೆಂಟಿಮೀಟರು ಎತ್ತರದ ಕಿಟಕಿ. ಎರಡು ಹಸಿರು ಬಾಗಿಲು, ಎಡಗಡೆಯದು ಸ್ವಲ್ಪ ಜೋತುಬಿದ್ದದ್ದು. ಗೋಡೆಗಳು ಸೇರಬೇಕಲ್ಲ, ಅದಕ್ಕೆ ಉತ್ತರದ ಪಕ್ಕದ ಗೋಡೆಯನ್ನು ಒಂಚೂರು ಓರೆಯಾಗಿ ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಹೋಟೆಲನ್ನು ಟ್ರೇಯಲ್ಲಿಟ್ಟುಕೊಂಡು ನಾವಿಬ್ಬರೂ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದೆವು. ಸಾರ್ವಜನಿಕರಿಗೆ ತೋರಿಸುವ ದಿನಕ್ಕೆ ಇನ್ನು ಎಂಟೇ ದಿನವಿತ್ತು. ಮೇಲೆ ಅಧ್ಯಕ್ಷರಿದ್ದರು, ರೈಲು ಓಡಿಸಿ ನಿವೃತ್ತರಾದ ಡ್ರೈವರ್ ಇದ್ದರು, ಅಳತೆಯವರೂ ಇದ್ದರು.

ಅಳತೆಯವರು ಸಂಘದ ಕಾರ್ಯದರ್ಶಿ. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಭೂಮಿ ಅಳೆದವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಮಡಿಸುವ ಅಳತೆಕೋಲು. ಸಂಘಕ್ಕೆ ನಿಯಮಗಳ ಪುಸ್ತಕ ಬರೆದವರೂ ಅವರೇ. ನಾಲ್ಕನೇ ನಿಯಮ: ಫೋಟೋ, ನಕ್ಷೆ ಯಾವುದೂ ಇಲ್ಲದ ಕಡೆ, ಕಣ್ಣಾರೆ ಕಂಡ ಇಬ್ಬರ ಮಾತು ಒಂದೇ ಆದರೆ ಅದೇ ನಿಜ. ಐದನೇ ನಿಯಮ: ಹಾಗೆ ಒಪ್ಪಿದ್ದನ್ನು ತೆಗೆಯಬೇಕಾದರೆ ಬಾಯಿಮಾತು ಸಾಲದು, ಅಳತೆಯ ಸಾಕ್ಷಿ ಬೇಕು. ಐದನೆಯದನ್ನು ಬರೆದ ದಿನ ಅವರು ಎಲ್ಲರಿಗೂ ಓದಿ ಹೇಳಿದ್ದರಂತೆ, ಎರಡು ಸಲ.

ಹೋಟೆಲನ್ನು ಖಾಲಿ ಜಾಗದಲ್ಲಿ ಇಳಿಸಿದೆ. ಆಮೇಲೆ ಡ್ರೈವರ್ ಬಗ್ಗಿ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ಒಮ್ಮೆಲೇ ಚಪ್ಪಾಳೆ ಹೊಡೆದರು.

"ಅರೇ! ಆ ಕಿಟಕಿ!"

ನಾನು ಖಾಲಿ ಟ್ರೇಯನ್ನು ಎದೆಗೆ ಅವಚಿಕೊಂಡೆ.

"ಯಾವ ಕಿಟಕಿ?" ಎಂದರು ಅಳತೆಯವರು.

"ಇದೇರೀ, ಮೂಲೇದು! ಇಪ್ಪತ್ತೆರಡು ವರ್ಷ ಆ ಮೇಲ್ ಗಾಡಿ ಓಡ್ಸಿದೋನು ನಾನು. ಇಲ್ಲಿ ಬರ್ತಿದ್ದ ಹಾಗೆ ಸೀಟಿ ಊದ್ತಿದ್ದೆ. ಈ ಕಿಟಕೀಲಿ ಒಬ್ಳು ಹುಡುಗಿ ನಿಂತ್ಕೊಂಡು ಬಿಳೀ ಬಟ್ಟೆ ಬೀಸೋಳು. ಅಬ್ಬಬ್ಬಾ, ಮರ್ತೇಹೋಗಿತ್ತು ನೋಡಿ!"

ನಾನು ಅಕ್ಕನ ಕಡೆ ನೋಡಿದೆ. ಅವಳ ಮುಖ ಆಗಷ್ಟೇ ಇಸ್ತ್ರಿಯಾದ ದಿಂಬಿನ ಚೀಲದಷ್ಟು ನಯವಾಗಿತ್ತು.

"ಹುಡುಗಿ ಅಲ್ಲ," ಎಂದಳು. "ನಾನೇ."

"ಆಗ ಹುಡುಗೀನೇ ಅಲ್ವೇನಮ್ಮಾ!"

"ನೀವೂ ಆಗ ತೆಳ್ಳಗಿದ್ರಿ."

"ಇದ್ದೆ, ಇದ್ದೆ!" ಡ್ರೈವರ್ ಹೊಟ್ಟೆ ಸವರಿಕೊಂಡರು. "ನೋಡಿ, ಜ್ಞಾಪಕ ಇಟ್ಕೊಂಡಿದಾರೆ."

ನಾನು ಅಕ್ಕನ ತೋಳು ಚಿವುಟಿದೆ. ಅವಳು ನನ್ನ ಕಾಲು ತುಳಿದಳು. ಅಧ್ಯಕ್ಷರು, ಅದ್ಯಾಕೋ, ಆ ಕಿಟಕಿಯ ಚಿಲಕ ಬಡಿದುಕೊಳ್ಳುವ ಸದ್ದು ನಿಲ್ದಾಣದ ತನಕ ಕೇಳುತ್ತಿತ್ತು ಎಂದು ಸೇರಿಸಿದರು. ನನ್ನ ಹಲ್ಲುಗಳನ್ನು ಇಟ್ಟುಕೊಂಡು ಅವರು ಹಾಗೆ ಮಾತಾಡಿದ್ದು ನನಗೆ ಸರಿ ಬರಲಿಲ್ಲ.

"ಇಬ್ಬರ ಮಾತು ಒಂದೇ ಆಯ್ತಲ್ಲ," ಎಂದರು ಡ್ರೈವರ್. "ನಾಲ್ಕನೇ ನಿಯಮ."

ಅಳತೆಯವರು ಒಪ್ಪಿಕೊಂಡು ಪುಸ್ತಕದಲ್ಲಿ ಗುರುತು ಹಾಕಿ, ತಾರೀಕು ಬರೆಯುತ್ತಿದ್ದರು. ಅಷ್ಟು ಹೊತ್ತಿಗೆ ಅಧ್ಯಕ್ಷರು ಸಂಭ್ರಮದಲ್ಲಿ ಗುಂಡಿ ಒತ್ತಿದರು. ಸುರಂಗದಿಂದ ಪುಟ್ಟ ಎಂಜಿನ್ನೊಂದು ಹೊರಬಂತು, ಅದರ ಹಿಂದೆ ಆರು ಡಬ್ಬಿ. ಅಕ್ಕ ಬಗ್ಗಿದಳು.

"ಇದೇನಾ ಹತ್ತೂ ಇಪ್ಪತ್ತರದ್ದು?"

"ಇದೇ ತಾಯಿ."

"ಕೆಂಪಾ?"

"ಕೆಂಪೇ. ಕಿಟಕಿ ಕೆಳಗೆ ಹಳದಿ ಪಟ್ಟಿ."

"ಓ," ಎಂದಳು ಅಕ್ಕ, ಗಾಡಿ ಹೋಟೆಲಿನ ಮೂಲೆ ದಾಟಿ ಹೋಗುವುದನ್ನೇ ನೋಡುತ್ತ. "ನಾನು ಹಸಿರು ಅಂದ್ಕೊಂಡಿದ್ದೆ."

ಅಳತೆಯವರ ಪೆನ್ನು ನಿಂತಿತು.

"ಅಂದ್ಕೊಂಡಿದ್ರಾ? ದಿನಾ ಕಿಟಕೀಲಿ ನಿಂತು ಬಟ್ಟೆ ಬೀಸ್ತಿದ್ರಿ, ಗಾಡಿ ಬಣ್ಣ ಗೊತ್ತಿಲ್ವಾ ಮೇಡಂ?"

ಅಕ್ಕ ಗಾಡಿಯಿಂದ ಕಣ್ಣು ಕೀಳಲಿಲ್ಲ.

"ಮಸಿ ಹಿಡಿದು ಕಪ್ಪಾಗಿರೋ ಗಾಡಿ ಒಳಗೆ ಕೆಂಪೋ ಹಸಿರೋ, ಯಾರಿಗ್ರೀ ಗೊತ್ತಾಗುತ್ತೆ?"

"ನನ್ನ ಗಾಡಿಗೆ ಮಸಿಯಾ?" ಡ್ರೈವರಿಗೆ ನಿಜವಾಗಿಯೂ ನೋವಾಯಿತು.

ಅಳತೆಯವರು ಜೇಬಿನಿಂದ ಅಳತೆಕೋಲು ತೆಗೆದು ಬಿಡಿಸಿದರು. ಹೋಟೆಲಿನ ಮುಂಭಾಗ ಅಳೆದರು, ಹಿಂಭಾಗ ಅಳೆದರು, ಉತ್ತರದ ಗೋಡೆಗೆ ಮೂಲೆಮಟ್ಟ ಹಿಡಿದರು. "ಈ ಗೋಡೆ ಓರೆ ಇದೆ," ಎಂದರು. "ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ರಸ್ತೆ ಅಳೆದವನು ನಾನು. ಆ ಮೂಲೆ ನೆಟ್ಟಗಿತ್ತು."

"ಬಾಯಿಮಾತು," ಎಂದರು ಡ್ರೈವರ್, ಇನ್ನೂ ಮುನಿಸಿನಲ್ಲಿ. "ಐದನೇ ನಿಯಮ."

ಅಳತೆಯವರು ಆಮೇಲೆ ನನ್ನ ಟಿಪ್ಪಣಿ ಪುಸ್ತಕ ಕೇಳಿದರು. ಕೊಡದಿರಲು ಕಾರಣ ಹುಡುಕಿದೆ, ಸಿಗಲಿಲ್ಲ. ಹಾಳೆ ತಿರುಗಿಸುತ್ತ ಹೋಗಿ ಒಂದು ಕಡೆ ಬೆರಳಿಟ್ಟರು.

"ಹದಿನಾರು ಶೀಟು, ಒಂದಕ್ಕೆ ಇನ್ನೂರ ಎಪ್ಪತ್ತು. ಮೇಡಂ, ನೀವು ಅಳೆದ ಶೀಟು ಒಗೆದದ್ದಾ, ಒಗೆಯದೇ ಇದ್ದದ್ದಾ?"

ಅರ್ಧ ಮಿಲಿಮೀಟರಿಗೆ ಜನರ ಜೊತೆ ಜಗಳವಾಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಅವಳು ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅಕ್ಕ, ಆ ಶೀಟು ಒಂದು ಸಲಾನೂ ಒಗೆದಿಲ್ಲ ಅಲ್ವಾ?"

"ಇಲ್ಲ. ಗಿರಣಿ ಚೀಟಿ ಕೂಡ ಹಾಗೇ ಅಂಟ್ಕೊಂಡಿದೆ."

"ಒಗೆದ್ರೆ ಕುಗ್ಗುತ್ತಾ?"

"ಮೊದಲ್ನೇ ಕುದಿಗೇ ಒಂದು ಗೇಣು ಹೋಗುತ್ತೆ. ಆಮೇಲೆ ನಿಂತ್ಕೊಳ್ಳುತ್ತೆ."

"ಹದಿನಾರು ಶೀಟಿಗೆ ಹದಿನಾರು ಗೇಣು."

"ನಿನ್ನ ಮೂರು ಮೀಟರು," ಎಂದಳು, ಒಂದು ಬಟಾಣಿ ಬಾಯಿಗೆ ಹಾಕಿಕೊಂಡು.

ನಾನು ಅವಳ ಪಕ್ಕದಲ್ಲಿ ಕೂತೆ. "ಮೊದ್ಲೇ ಗೊತ್ತಿತ್ತಾ ನಿಂಗೆ?"

"ಮೂವತ್ತು ವರ್ಷ ಒಗೆದಿದೀನಿ ಕಣೇ. ಬಟ್ಟೆ ಕುಗ್ಗುತ್ತೆ ಅಂತ ಗೊತ್ತಿಲ್ದೆ ಇರೋಕೆ ನಾನೇನು ಹೋಟೆಲ್ ಮ್ಯಾನೇಜರಾ?"

"ಅದಕ್ಕೇ ಎಳೀತಿದ್ದೆ ನೀನು!"

"ಎಳೆದದ್ದು ಒಂದು ಬೆರಳು. ಅದನ್ನ ನೀನು ಬಿಡಿಸಿಬಿಟ್ಟೆ."

"ನೇರವಾಗಿ ಕೇಳಬಹುದಿತ್ತಲ್ಲ? ಒಂದು ಕಿಟಕಿ ಇಡೇ ಅಂತ?"

"ಕೇಳಿದ್ರೆ ಇಡ್ತಿದ್ಯಾ?"

ಇಡುತ್ತಿರಲಿಲ್ಲ. ಗೋಡೆಯಲ್ಲಿ ಜಾಗವಿಲ್ಲ ಎನ್ನುತ್ತಿದ್ದೆ. ಅಳತೆ ತೋರಿಸುತ್ತಿದ್ದೆ. ಅಕ್ಕ ಅದಕ್ಕೇ ಮೊದಲು ಜಾಗ ಮಾಡಿಕೊಂಡಳು, ಕಿಟಕಿಯ ಮಾತು ಆಮೇಲೆ ತೆಗೆದಳು.

"ಕಿತ್ತುಹಾಕ್ಬೇಕು ಅಂದ್ರೆ ಹಾಕು," ಎಂದಳು ಸಿಪ್ಪೆಗಳನ್ನು ಒಟ್ಟುಮಾಡುತ್ತ. "ಹೋಟೆಲು ನಿಂದು. ನಿನ್ನ ಹೆಸರು ಕೆಡೋದು ನಂಗೆ ಬೇಡ. ಆದ್ರೆ ಗಾಡಿ ಚೆನ್ನಾಗಿದೆ ಕಣೇ. ಹಸಿರಿಗಿಂತ ಕೆಂಪೇ ಒಪ್ಪುತ್ತೆ."

ಮೂವತ್ತು ವರ್ಷ ನಾನು ಮಾಡಿದ್ದಾದರೂ ಏನು? ಇಲ್ಲದ ಹಲ್ಲನ್ನು, ಇತ್ತು ಎನ್ನುವ ಹಾಗೆ, ಇದ್ದ ಜಾಗದಲ್ಲೇ ಕೂರಿಸಿ ಕೊಟ್ಟದ್ದು. ಕನ್ನಡಿ ನೋಡಿಕೊಂಡು ಯಾರೂ ನನ್ನನ್ನು ಸುಳ್ಳಿ ಅಂದಿಲ್ಲ. ಒಂದು ಹಿಡಿ ಬಟಾಣಿ ತೆಗೆದುಕೊಂಡು ಸುಲಿಯತೊಡಗಿದೆ.

"ಅಳತೆಯವರು ಬಿಡಲ್ಲ," ಎಂದೆ. "ನಾಳೆ ಬೆಳಿಗ್ಗೆ ಇಲ್ಲಿಗೇ ಬರ್ತಾರಂತೆ. ಶೀಟು ನೋಡೋಕೆ."

"ಬರಲಿ," ಎಂದಳು ಅಕ್ಕ.

ಬಂದರು. ಅಳತೆಯವರ ಒಂದು ಕೈಯಲ್ಲಿ ಸೋಡಾ ಪುಡಿಯ ಪೊಟ್ಟಣ, ಇನ್ನೊಂದರಲ್ಲಿ ಉಕ್ಕಿನ ಟೇಪು. ಜೇಬಿನಲ್ಲಿ ಅಳತೆಕೋಲು ಇದ್ದೇ ಇತ್ತು. ಅವರ ಹಿಂದೆ ಸಾಕ್ಷಿಗೆಂದು ಡ್ರೈವರ್, ಬೇಡದ ಮದುವೆಗೆ ಹೊರಟವರಂತೆ ಮುಖ ಮಾಡಿಕೊಂಡು.

"ನನ್ನ ಸೀಟಿ ಸುಳ್ಳಾ ಹಾಗಾದ್ರೆ?" ಎಂದು ಬಾಗಿಲಲ್ಲೇ ನನ್ನನ್ನು ಕೇಳಿದರು. "ಆ ಹುಡುಗಿ ಸುಳ್ಳಾ?"

"ಅಳತೆ ಹೇಳುತ್ತೆ," ಎಂದರು ಅಳತೆಯವರು.

ಅಕ್ಕ ಅವರನ್ನು ಕೂರಿಸಿ, ನೀರು ಕೊಟ್ಟು, ಕಪಾಟಿನಿಂದ ಶೀಟು ತಂದು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಳತೆಯವರು ಗಂಟಲು ಸರಿಮಾಡಿಕೊಂಡರು.

"ಮೇಡಂ, ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ. ಹೋಟೆಲಲ್ಲಿ ಹೇಗೆ ಒಗೀತಿದ್ರೋ ಹಾಗೆ ಈ ಶೀಟು ಒಗೆದು ಅಳೆಯೋಣ. ಇನ್ನೂರ ಎಪ್ಪತ್ತೇ ಬಂದ್ರೆ ಕಿಟಕಿ ಇರುತ್ತೆ, ನಾನು ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ. ಇನ್ನೂರ ಐವತ್ತೊಂದು ಬಂದ್ರೆ ಗೋಡೆ ನೆಟ್ಟಗಾಗುತ್ತೆ, ಕಿಟಕಿ ಹೋಗುತ್ತೆ."

"ಐವತ್ತೊಂದು ಅಂತ ಹೇಗೆ ಗೊತ್ತು?"

"ಲೆಕ್ಕ ಹಾಕಿದೆ."

ಅಕ್ಕ ಮೆಚ್ಚಿದವಳಂತೆ ತಲೆದೂಗಿದಳು.

"ಸುಮ್ನೆ ಕಿತ್ಕೊಳ್ಳೋಕೆ ಬಂದಿಲ್ಲ," ಎಂದು ಅವರು ಅಂಗಿಯ ಒಳಜೇಬಿನಿಂದ ಬೆಂಕಿಪೊಟ್ಟಣವೊಂದನ್ನು ತೆಗೆದರು. ಅದರೊಳಗೆ ಹತ್ತಿಯ ಮೇಲೆ ಎರಡು ಸೆಂಟಿಮೀಟರಿನ ಹೆಂಗಸೊಬ್ಬಳು ಮಲಗಿದ್ದಳು. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ, ಮೂಗಿನ ಮೇಲೆ ಕನ್ನಡಕ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕನ್ನಡಕಕ್ಕೆ ಕಡ್ಡಿ ಕೂಡ ಇತ್ತು. ಒಳ್ಳೆಯ ಕೈ, ಹಲ್ಲಿನ ಕೆಲಸಕ್ಕೆ ಬಂದಿದ್ದರೆ ಬದುಕಿಕೊಳ್ಳುತ್ತಿದ್ದರು.

"ನೀವು ಮಾಡಿದ್ದಾ?" ಎಂದೆ.

ಅಳತೆಯವರ ಕಿವಿ ಕೆಂಪಾಯಿತು. "ಮುಂಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸ್ತೀವಿ. ನಟ್ಟನಡುವೆ. ನಿಮಗೋಸ್ಕರ ಮೇಜನ್ನೇ ಗೋಡೆಯಿಂದ ಮುಂದಕ್ಕೆ ಎಳೆದು, ಜನ ಆ ಕಡೆಗೂ ಬರೋ ಹಾಗೆ ಮಾಡ್ತೀನಿ."

ಆ ಮುಂಬಾಗಿಲಿನಿಂದ ಕೆಲಸದವರು ಒಳಗೆ ಹೋಗುವ ಹಾಗಿರಲಿಲ್ಲ. ಅಕ್ಕ ಆ ಮೆಟ್ಟಿಲು ಹತ್ತಿದ್ದು ಹೋಟೆಲು ಮುಚ್ಚಿದ ದಿನ ಮಾತ್ರ, ಈ ಶೀಟು ಇಸಿದುಕೊಳ್ಳಲು. ನನಗೆ ಒಂದು ಗಳಿಗೆ ಭಯವಾಯಿತು: ಎಲ್ಲಿ ಒಪ್ಪಿಬಿಡುತ್ತಾಳೋ.

ಅವಳು ಗೊಂಬೆಯನ್ನು ಬಹಳ ಹೊತ್ತು ನೋಡಿದಳು.

"ಮೂಗು ನಂದೇ," ಎಂದಳು. "ಸೊಂಟ ನಂದಲ್ಲ. ದೊಡ್ಡ ಮನಸ್ಸು ನಿಮ್ಮದು." ಆಮೇಲೆ ಕತ್ತೆತ್ತಿ, "ಎಷ್ಟು ಸಲ ಒಗೀಬೇಕು?"

"ಐದು ಸಲ ಸಾಕು."

"ಕುದಿಯೋ ನೀರಲ್ಲಾ?"

"ಹೋಟೆಲಲ್ಲಿ ಕುದಿಯೋ ನೀರೇ ತಾನೆ?"

"ಹೌದು, ಸೋಡಾ ಹಾಕಿ. ಆಮೇಲೆ ಹಿಂಡಿ, ಕೊಡವಿ, ಹಗ್ಗಕ್ಕೆ. ಅರ್ಧ ಹಸಿ ಇದ್ದಾಗ ಇಸ್ತ್ರಿ." ಅಕ್ಕ ಶೀಟಿನ ಅಂಚನ್ನು ಸವರಿದಳು. "ವಯಸ್ಸಾಯ್ತು ನೋಡಿ, ಮೈ ಕೈ ನೋವು. ನೀವೇ ಒಗ್ಕೊಂಡ್ರೆ ಆಗಲ್ವಾ? ಇಲ್ಲಾ, ನನ್ನ ತಂಗಿ ಒಗೆದು ಕೊಟ್ರೆ?"

"ಛೇ ಛೇ, ಆಗಲ್ಲ ಮೇಡಂ!" ಅಳತೆಯವರು ಕುರ್ಚಿಯ ತುದಿಗೆ ಬಂದರು. "ಅದೇ ಮುಖ್ಯ. ಬೇರೆಯವರು ಹಿಂಡಿದ್ರೆ ಬೇರೆ ಅಳತೆ ಬರುತ್ತೆ. ಹಿಂಡೋ ಕೈ ಬೇರೆ, ಕೊಡವೋ ಕೈ ಬೇರೆ. ಅದು ಸಾಕ್ಷಿ ಆಗೋದೇ ಇಲ್ಲ. ಆ ಶೀಟುಗಳನ್ನ ಒಗೆದ ಕೈಯೇ ಇದನ್ನೂ ಒಗೀಬೇಕು."

"ಬೇರೆ ಶೀಟು?"

"ಬೇರೆ ಗಿರಣಿ, ಬೇರೆ ನೂಲು. ಆಗಲ್ಲ. ಇದೇ ಶೀಟು, ನಿಮ್ಮದೇ ಕೈ."

"ಖಂಡಿತಾ?"

"ಖಂಡಿತಾ."

"ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ ಹಾಗಾದ್ರೆ. ಆಮೇಲೆ ಯಾರೂ ತಕರಾರು ತೆಗೀಬಾರ್ದು."

ಅಳತೆಯವರಿಗೆ ಸಂತೋಷವಾಯಿತು. ಇಷ್ಟು ಶಿಸ್ತಿನ ಎದುರಾಳಿ ಅವರಿಗೆ ಸಂಘದಲ್ಲಿ ಸಿಕ್ಕಿರಲಿಲ್ಲ. ಐದನೇ ನಿಯಮದ ಕೆಳಗೆ, ಈ ಕಿಟಕಿಗೆ ಇದೇ ಶೀಟು, ಇದೇ ಕೈ, ಬೇರೆ ಸಾಕ್ಷಿ ಇಲ್ಲ ಎಂದು ಮುದ್ದಾದ ಅಕ್ಷರಗಳಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿದರು. ಡ್ರೈವರ್ ಕೈಯಿಂದಲೂ ಹಾಕಿಸಿದರು. ಸಹಿ ಮಾಡುವಾಗ ಡ್ರೈವರ್ ಅಕ್ಕನ ಮುಖ ನೋಡಿದರು. ಅವರ ಮೀಸೆ ಮೊದಲ ಸಲ ಅಲುಗಿತು. ಅವರಿಗೆ ನನಗಿಂತ ಮುಂಚೆ ಹೊಳೆದಿತ್ತು.

"ಸರಿ ಮೇಡಂ," ಅಳತೆಯವರು ಸೋಡಾ ಪುಡಿಯ ಪೊಟ್ಟಣವನ್ನೂ ಬೆಂಕಿಪೊಟ್ಟಣವನ್ನೂ ಜೋಡಿಸಿ ಅವಳ ಮುಂದಕ್ಕೆ ಸರಿಸಿದರು. "ನೀರು ಇಡೋಣ್ವಾ?"

ಅಕ್ಕ ಬೆಂಕಿಪೊಟ್ಟಣವನ್ನು ಮೆಲ್ಲನೆ ಮುಚ್ಚಿದಳು, ಒಳಗಿದ್ದವಳ ಮೂಗಿಗೆ ತಾಗದ ಹಾಗೆ. ಎರಡನ್ನೂ ಅವರ ಕಡೆಗೆ ವಾಪಸು ಸರಿಸಿದಳು. ಶೀಟನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಿಸಿ, ಎದೆಗೊತ್ತಿಕೊಂಡು, ಎದ್ದು ನಿಂತಳು.

"ನಾನು ಒಗೆಯೋಲ್ಲ."